ಗುರುತ್ವ ಅಲೆಗಳಿಲ್ಲ ಎಂದು ಐನ್‌ಸ್ಟೈನ್ ಕೂಡ ಬರೆದಿದ್ದರು! ಫಾರ್ವರ್ಡ್‌ಗಳು ಹೇಳದ ಕಥೆ

ಆಲ್ಬರ್ಟ್ ಐನ್‌ಸ್ಟೈನ್ ಹೆಸರಿನಲ್ಲಿ ನಮ್ಮ ಫೋನ್‌ಗಳಿಗೆ ಬರುವ ಸಂದೇಶಗಳಿಗೆ ಲೆಕ್ಕವಿಲ್ಲ. ಶಾಲೆಯಲ್ಲಿ ಗಣಿತಕ್ಕೆ ಫೇಲಾಗಿದ್ದರು ಎನ್ನುವುದು ಒಂದು. ಗುರುತ್ವ ಅಲೆಗಳಿವೆ ಎಂದು ನೂರು ವರ್ಷ ಮೊದಲೇ ಹೇಳಿದ್ದರು, ಯಾರೂ ನಂಬಲಿಲ್ಲ, ಕೊನೆಗೆ ಅವರ ಮಾತೇ ಗೆದ್ದಿತು ಎನ್ನುವುದು ಇನ್ನೊಂದು. ಮೊದಲನೆಯದು ಸುಳ್ಳು. ಎರಡನೆಯದು ಅರ್ಧ ಸತ್ಯ.

ಏಕೆಂದರೆ ನಂಬದೆ ಹೋದವರಲ್ಲಿ ಸ್ವತಃ ಐನ್‌ಸ್ಟೈನ್ ಕೂಡ ಒಬ್ಬರು! 1916ರಲ್ಲಿ ಅವರು ಗುರುತ್ವ ಅಲೆಗಳಿವೆ ಎಂದರು. 1936ರಲ್ಲಿ ಇಲ್ಲ ಎಂದು ಪ್ರಬಂಧ ಬರೆದರು. ಕೆಲವೇ ತಿಂಗಳಲ್ಲಿ ಅದನ್ನು ತಿದ್ದಿಕೊಂಡರು. ಅವರ ಬದುಕನ್ನು ಈ ಎಳೆ ಹಿಡಿದು ನೋಡಿದರೆ, ವಿಜ್ಞಾನದಲ್ಲಿ ಒಂದು ಮಾತು ನಿಜ ಎಂದು ಹೇಗೆ ತೀರ್ಮಾನವಾಗುತ್ತದೆ ಎನ್ನುವುದೂ ತಿಳಿಯುತ್ತದೆ. ಬನ್ನಿ, ಮೊದಲಿನಿಂದ ನೋಡೋಣ.

ಗಣಿತದಲ್ಲಿ ಫೇಲಾಗಿದ್ದರೇ?

ಐನ್‌ಸ್ಟೈನ್ ಹುಟ್ಟಿದ್ದು 1879ರ ಮಾರ್ಚ್ 14ರಂದು, ಜರ್ಮನಿಯ ಉಲ್ಮ್ ನಗರದಲ್ಲಿ. ಮರುವರ್ಷ ಕುಟುಂಬ ಮ್ಯೂನಿಕ್‌ಗೆ ಹೋಗಿ ನೆಲೆಸಿತು. ಅಪ್ಪ ಹರ್ಮನ್ ಮತ್ತು ಚಿಕ್ಕಪ್ಪ ಯಾಕೋಬ್ ಸೇರಿ ವಿದ್ಯುತ್ ಉಪಕರಣಗಳ ಕಾರ್ಖಾನೆ ನಡೆಸುತ್ತಿದ್ದರು. ನಾಲ್ಕೈದು ವರ್ಷದವನಿದ್ದಾಗ ಹುಡುಗ ಆಲ್ಬರ್ಟ್ ಮೊದಲ ಸಲ ದಿಕ್ಸೂಚಿಯನ್ನು ನೋಡಿದ. ಯಾರೂ ಮುಟ್ಟದಿದ್ದರೂ ಮುಳ್ಳು ಉತ್ತರಕ್ಕೇ ತಿರುಗಿ ನಿಲ್ಲುವುದು ಅವನಿಗೆ ಭಾರೀ ಸೋಜಿಗ ಎನಿಸಿತು. ಕಣ್ಣಿಗೆ ಕಾಣದ ಯಾವುದೋ ಒಂದು ಇದರ ಹಿಂದಿದೆ ಎಂಬ ಬೆರಗು ಕೊನೆಯವರೆಗೂ ಅವರನ್ನು ಬಿಡಲಿಲ್ಲ.

ಗಣಿತದಲ್ಲಿ ಅವರು ಹಿಂದೆ ಬಿದ್ದವರೇ ಅಲ್ಲ. ಹದಿನೈದು ತುಂಬುವ ಮೊದಲೇ ಕ್ಯಾಲ್ಕುಲಸ್ ಕಲಿತಿದ್ದರು. ಹಾಗಾದರೆ ಫೇಲಾದ ಕಥೆ ಎಲ್ಲಿಂದ ಬಂತು? 1895ರಲ್ಲಿ ಅವರು ಸ್ವಿಟ್ಜರ್ಲೆಂಡ್‌ನ ಜ್ಯೂರಿಕ್ ಪಾಲಿಟೆಕ್ನಿಕ್‌ನ ಪ್ರವೇಶ ಪರೀಕ್ಷೆ ಬರೆದರು. ಆಗ ವಯಸ್ಸು ಹದಿನಾರು, ಅಂದರೆ ನಿಗದಿತ ವಯಸ್ಸಿಗಿಂತ ಎರಡು ವರ್ಷ ಚಿಕ್ಕವರು. ಗಣಿತ ಮತ್ತು ಭೌತವಿಜ್ಞಾನದಲ್ಲಿ ಚೆನ್ನಾಗಿ ಬರೆದಿದ್ದರು. ಉಳಿದ ವಿಷಯಗಳು ಕೈಕೊಟ್ಟವು, ಸೀಟು ಸಿಗಲಿಲ್ಲ. ಆರಾವ್ ಎಂಬ ಊರಿನ ಶಾಲೆಯಲ್ಲಿ ಒಂದು ವರ್ಷ ಓದಿ, 1896ರ ಅಂತಿಮ ಪರೀಕ್ಷೆಯಲ್ಲಿ ಗಣಿತದಲ್ಲಿ 6 ಅಂಕ ಪಡೆದರು. ಸ್ವಿಟ್ಜರ್ಲೆಂಡ್‌ನಲ್ಲಿ 6 ಎಂದರೆ ಗರಿಷ್ಠ ಅಂಕ. ಜರ್ಮನಿಯಲ್ಲಿ ಲೆಕ್ಕ ತಿರುಗುಮುರುಗು, ಅಲ್ಲಿ 1 ಎಂದರೆ ಅತ್ಯುತ್ತಮ. ಜರ್ಮನಿಯ ಕಣ್ಣಿನಿಂದ ಆ ಅಂಕಪಟ್ಟಿ ನೋಡಿದವರಿಗೆ ಗೊಂದಲವಾಗುವುದು ಸಹಜ. ಫೇಲಾಗಿದ್ದರೆಂಬ ಸುದ್ದಿ 1935ರಲ್ಲೇ ಪತ್ರಿಕೆಯೊಂದರ ಅಂಕಣದಲ್ಲಿ ಅಚ್ಚಾಗಿತ್ತು. ಅದನ್ನು ತೋರಿಸಿದಾಗ ಐನ್‌ಸ್ಟೈನ್ ಅವರೇ ಅಲ್ಲಗಳೆದಿದ್ದರು. ಆದರೂ ಅದು ಇಂದಿಗೂ ಓಡಾಡುತ್ತಲೇ ಇದೆ.

ಗುಮಾಸ್ತೆಯ ಮೇಜಿನಿಂದ ಬರ್ಲಿನ್‌ಗೆ

1900ರಲ್ಲಿ ಪದವಿ ಬಂತು, ಕೆಲಸ ಬರಲಿಲ್ಲ. ಎರಡು ವರ್ಷದ ಅಲೆದಾಟದ ನಂತರ ಸಹಪಾಠಿ ಮಾರ್ಸೆಲ್ ಗ್ರಾಸ್‌ಮನ್ ಅವರ ತಂದೆಯ ಶಿಫಾರಸಿನಿಂದ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ನೌಕರಿ ಸಿಕ್ಕಿತು. 1903ರಲ್ಲಿ ಸಹಪಾಠಿಯಾಗಿದ್ದ ಮಿಲೇವಾ ಮಾರಿಚ್ ಅವರನ್ನು ಮದುವೆಯಾದರು. 1905ರಲ್ಲಿ, ಅದೇ ನೌಕರಿಯಲ್ಲಿ ಇದ್ದುಕೊಂಡೇ, ಬೆಳಕಿನ ಕಣಗಳು, ಪರಮಾಣುಗಳ ಇರುವಿಕೆ, ವಿಶೇಷ ಸಾಪೇಕ್ಷತೆ, ದ್ರವ್ಯ ಮತ್ತು ಶಕ್ತಿಯ ಸಂಬಂಧ ಇವುಗಳ ಮೇಲೆ ಪ್ರಬಂಧಗಳನ್ನು ಪ್ರಕಟಿಸಿದರು. ಆಗ ಅವರಿಗೆ 26 ವರ್ಷ.

ವಿಶೇಷ ಸಾಪೇಕ್ಷತೆಯ ಪ್ರಕಾರ ಯಾವ ಸುದ್ದಿಯೂ ಬೆಳಕಿಗಿಂತ ವೇಗವಾಗಿ ಸಾಗುವಂತಿಲ್ಲ. ನ್ಯೂಟನ್ನರ ನಿಯಮದಲ್ಲಾದರೋ, ಸೂರ್ಯ ಒಂದು ಚೂರು ಸರಿದರೂ ಭೂಮಿಗೆ ಅದು ಆ ಕ್ಷಣವೇ ತಾಗಬೇಕು. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ಈ ತೊಡಕು ಬಿಡಿಸಲು ಅವರಿಗೆ ಸುಮಾರು ಹತ್ತು ವರ್ಷ ಹಿಡಿಯಿತು. ಬೇಕಾದ ಗಣಿತ ಗೊತ್ತಿರಲಿಲ್ಲ. ಆಗಲೂ ನೆರವಿಗೆ ಬಂದವರು ಗ್ರಾಸ್‌ಮನ್. ಅಷ್ಟರಲ್ಲಿ ಅವರು ಜ್ಯೂರಿಕ್‌ನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದರು, ಬಾಗಿದ ಮೇಲ್ಮೈಗಳ ಜ್ಯಾಮಿತಿಯನ್ನು ಗೆಳೆಯನಿಗೆ ಪರಿಚಯಿಸಿದರು.

1914ರಲ್ಲಿ ಐನ್‌ಸ್ಟೈನ್ ಬರ್ಲಿನ್‌ಗೆ ಬಂದರು. ಕೆಲವೇ ತಿಂಗಳಲ್ಲಿ ಮಿಲೇವಾ ಇಬ್ಬರು ಗಂಡುಮಕ್ಕಳೊಂದಿಗೆ ಜ್ಯೂರಿಕ್‌ಗೆ ಮರಳಿದರು. ಮಹಾಯುದ್ಧ ಶುರುವಾಯಿತು. ಒಂಟಿಯಾಗಿದ್ದ ಐನ್‌ಸ್ಟೈನ್ 1915ರ ನವೆಂಬರ್‌ನಲ್ಲಿ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದ ಸಮೀಕರಣಗಳನ್ನು ಪೂರ್ತಿಗೊಳಿಸಿದರು.

ಸಿದ್ಧಾಂತದ ತಿರುಳು ಇಷ್ಟು. ನಾಲ್ಕು ಜನ ಒಂದು ಜಮಖಾನೆಯನ್ನು ಬಿಗಿಯಾಗಿ ಹಿಡಿದು ನಡುವೆ ತೆಂಗಿನಕಾಯಿ ಇಟ್ಟರೆ ಏನಾಗುತ್ತದೆ? ಜಮಖಾನೆ ತಗ್ಗುತ್ತದೆ. ಪಕ್ಕದಲ್ಲಿ ಗೋಲಿ ಬಿಟ್ಟರೆ ಅದು ತಗ್ಗಿನತ್ತ ಉರುಳುತ್ತದೆ. ಹಾಗೆಯೇ ಸೂರ್ಯನಂಥ ವಸ್ತು ತನ್ನ ಸುತ್ತಲಿನ ದೇಶ-ಕಾಲವನ್ನು ಬಾಗಿಸುತ್ತದೆ. ಇಲ್ಲಿ ದೇಶ ಎಂದರೆ ನಾಡಲ್ಲ, ಜಾಗ. ಆ ಬಾಗುವಿಕೆಯನ್ನೇ ನಾವು ಗುರುತ್ವ ಎನ್ನುತ್ತೇವೆ. ತೆಂಗಿನಕಾಯಿಯನ್ನು ಅಲುಗಾಡಿಸಿದರೆ ಜಮಖಾನೆಯ ತುಂಬ ಅಲೆ ಏಳುತ್ತದೆ. ದೇಶ-ಕಾಲದಲ್ಲೂ ಹೀಗೆ ಏಳುವ ಅಲೆಯೇ ಗುರುತ್ವ ಅಲೆ. ಹೋಲಿಕೆ ಪೂರ್ತಿ ಸರಿಯಲ್ಲ, ಆದರೆ ವಿಷಯ ಹಿಡಿಯಲು ಸಾಕು.

ಇಲ್ಲ, ಇದೆ, ಆದರೆ ಸಿಗುವುದಿಲ್ಲ

ಈ ಅಲೆಯ ಬಗ್ಗೆ ಐನ್‌ಸ್ಟೈನ್ ಮೊದಲು ತಲುಪಿದ ತೀರ್ಮಾನವೇ ಬೇರೆ. ರಷ್ಯಾ ಗಡಿಯ ಯುದ್ಧಭೂಮಿಯಲ್ಲಿದ್ದ ಖಗೋಳವಿಜ್ಞಾನಿ ಕಾರ್ಲ್ ಶ್ವಾರ್ಟ್ಸ್‌ಶೀಲ್ಡ್ ಹೊಸ ಸಮೀಕರಣಗಳಿಗೆ ಮೊದಲ ನಿಖರ ಪರಿಹಾರ ಕಂಡುಹಿಡಿದು ಕಳಿಸಿದ್ದರು. ಅವರಿಗೆ 1916ರ ಫೆಬ್ರುವರಿಯಲ್ಲಿ ಬರೆದ ಪತ್ರದಲ್ಲಿ ಐನ್‌ಸ್ಟೈನ್, ಬೆಳಕಿನ ಅಲೆಗಳಂಥ ಗುರುತ್ವ ಅಲೆಗಳು ಇಲ್ಲ ಎಂದು ತಿಳಿಸಿದರು. ವಿದ್ಯುತ್ತಿನಲ್ಲಿ ಧನ, ಋಣ ಎರಡೂ ಇವೆ. ದ್ರವ್ಯದಲ್ಲಿ ಋಣ ಎಂಬುದಿಲ್ಲ. ಅವರ ಅನುಮಾನಕ್ಕೆ ಇದೂ ಒಂದು ಕಾರಣ.

ನಾಲ್ಕು ತಿಂಗಳ ನಂತರ, ಜೂನ್‌ನಲ್ಲಿ, ಲೆಕ್ಕದ ದಾರಿ ಬದಲಿಸಿ ನೋಡಿದಾಗ ಅಲೆಗಳು ಕಂಡವು. ಬೆಳಕಿನ ವೇಗದಲ್ಲೇ ಸಾಗುವ ಅಲೆಗಳು. ಇದೇ ಫಾರ್ವರ್ಡ್‌ಗಳು ಹೇಳುವ 1916ರ ಪ್ರಬಂಧ. ಅದರಲ್ಲೂ ತಪ್ಪಿತ್ತು. ಅದರ ಸೂತ್ರದ ಪ್ರಕಾರ, ಚೆಂಡಿನಂತೆ ಎಲ್ಲ ಕಡೆಗೂ ಸಮನಾಗಿ ಉಬ್ಬಿ ಕುಗ್ಗುವ ವಸ್ತುವೂ ಅಲೆ ಹೊಮ್ಮಿಸಬಹುದಿತ್ತು. 1918ರಲ್ಲಿ ಅವರೇ ಅದನ್ನು ಸರಿಪಡಿಸಿದರು. ಆ ತಿದ್ದಿದ ಸೂತ್ರದಲ್ಲೂ ಎರಡರಷ್ಟರ ಒಂದು ವ್ಯತ್ಯಾಸ ಉಳಿದಿತ್ತು, ಅದನ್ನು 1922ರಲ್ಲಿ ಬ್ರಿಟನ್ನಿನ ಆರ್ಥರ್ ಎಡಿಂಗ್ಟನ್ ತಿದ್ದಿದರು.

ಅಲೆಗಳು ಇದ್ದರೂ ಎಷ್ಟು ದುರ್ಬಲ ಎಂದರೆ, ಅವನ್ನು ಎಂದಾದರೂ ಅಳೆಯಬಹುದೆಂದು ಐನ್‌ಸ್ಟೈನ್‌ಗೆ ಅನಿಸಲಿಲ್ಲ. ಅವರ ಕಾಲಕ್ಕೆ ಅದು ನ್ಯಾಯವಾದ ಲೆಕ್ಕವೇ. ಸೂರ್ಯನ ಸುತ್ತ ಸುತ್ತುವಾಗ ಭೂಮಿ ಹೊಮ್ಮಿಸುವ ಗುರುತ್ವ ಅಲೆಗಳ ಶಕ್ತಿ ಸುಮಾರು 200 ವ್ಯಾಟ್. ಹಳೆಯ ಕಾಲದ ಎರಡು ಬಲ್ಬುಗಳಷ್ಟು! ದೊಡ್ಡ ಅಲೆ ಏಳಬೇಕಾದರೆ ಅಪಾರ ದ್ರವ್ಯ ಪುಟ್ಟ ಜಾಗದಲ್ಲಿ ಅಡಕವಾಗಿ, ಬೆಳಕಿನ ವೇಗಕ್ಕೆ ಸಮೀಪದಲ್ಲಿ ಸುತ್ತಬೇಕು. ಅಂಥ ಕಾಯಗಳಿವೆ ಎಂದು 1916ರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನ್ಯೂಟ್ರಾನ್ ಕಣವೇ ಪತ್ತೆಯಾದದ್ದು 1932ರಲ್ಲಿ.

ಇಲ್ಲಿ ಒಂದು ಸ್ವಾರಸ್ಯವಿದೆ. ಅದೇ 1916-17ರಲ್ಲಿ ಐನ್‌ಸ್ಟೈನ್ ಬೇರೊಂದು ಪ್ರಬಂಧದಲ್ಲಿ, ಬೆಳಕು ಪರಮಾಣುಗಳಿಂದ ತನ್ನಂಥದ್ದೇ ಬೆಳಕನ್ನು ಹೊರಡಿಸುವುದು ಹೇಗೆ ಎಂದು ವಿವರಿಸಿದರು. 1960ರಲ್ಲಿ ಬಂದ ಲೇಸರ್‌ಗೆ ಆ ವಿಚಾರವೇ ಬುನಾದಿ. ಮುಂದೆ ಗುರುತ್ವ ಅಲೆಗಳನ್ನು ಹಿಡಿದದ್ದು ಲೇಸರ್ ಬಳಸಿಯೇ. ಹಿಡಿಯಲಾಗದು ಎಂದುಕೊಂಡ ಅಲೆಗೆ ಬಲೆಯ ಮೊದಲ ನೂಲನ್ನೂ ತಮಗೆ ಅರಿವಿಲ್ಲದೆ ಅವರೇ ನೂತಿದ್ದರು.

ಆಮೇಲೆ ಬಂದದ್ದು ಕೀರ್ತಿಯ ಕಾಲ. 1919ರ ಮೇ 29ರ ಸೂರ್ಯಗ್ರಹಣದಲ್ಲಿ ನಕ್ಷತ್ರದ ಬೆಳಕು ಸೂರ್ಯನ ಬಳಿ ಬಾಗುವುದು ಕಂಡಿತು. ಐನ್‌ಸ್ಟೈನ್ ರಾತ್ರಿ ಬೆಳಗಾಗುವುದರೊಳಗೆ ಜಗತ್ಪ್ರಸಿದ್ಧರಾದರು. ಅದೇ ವರ್ಷ ಮಿಲೇವಾ ಜೊತೆ ವಿಚ್ಛೇದನವಾಗಿ, ಎಲ್ಸಾ ಅವರೊಂದಿಗೆ ಮದುವೆಯಾಯಿತು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಯೆಹೂದಿಯಾದ ಅವರು ಜರ್ಮನಿಯನ್ನು ತೊರೆದು ಅಮೆರಿಕದ ಪ್ರಿನ್ಸ್‌ಟನ್ ಸೇರಿದರು.

1936: ಪ್ರಬಂಧ ವಾಪಸ್ ಬಂತು

ಪ್ರಿನ್ಸ್‌ಟನ್‌ನಲ್ಲಿ ಐನ್‌ಸ್ಟೈನ್ ಮತ್ತು ಅವರ ಯುವ ಸಹಾಯಕ ನೇಥನ್ ರೋಸೆನ್ ಗುರುತ್ವ ಅಲೆಗಳ ಲೆಕ್ಕವನ್ನು ಮತ್ತೆ ಕೈಗೆತ್ತಿಕೊಂಡರು. ಈ ಬಾರಿ ಅಂದಾಜಿಲ್ಲದ ಪೂರ್ಣ ಪರಿಹಾರ ಬೇಕಿತ್ತು. ಲೆಕ್ಕ ಮಾಡಿದಂತೆಲ್ಲ ಎಲ್ಲೋ ಒಂದು ಕಡೆ ಸಂಖ್ಯೆಗಳು ಅನಂತಕ್ಕೆ ಹೋಗಿ ಸಮೀಕರಣ ಮುರಿದು ಬೀಳುತ್ತಿತ್ತು. ಅಂದಮೇಲೆ ಗುರುತ್ವ ಅಲೆಗಳೇ ಇಲ್ಲ ಎಂದು ಇಬ್ಬರೂ ತೀರ್ಮಾನಿಸಿ, ಅಮೆರಿಕದ ಫಿಸಿಕಲ್ ರಿವ್ಯೂ ಪತ್ರಿಕೆಗೆ ಪ್ರಬಂಧ ಕಳಿಸಿದರು.

ಸಂಪಾದಕ ಜಾನ್ ಟೇಟ್ ಅದನ್ನು ಹೆಸರು ಹೇಳದ ಒಬ್ಬ ತಜ್ಞರಿಗೆ ಪರಿಶೀಲನೆಗೆ ಕೊಟ್ಟರು. ಹತ್ತು ಪುಟಗಳ ವರದಿ ಬಂತು, ತಪ್ಪು ಎಲ್ಲಿದೆ ಎಂದು ವಿವರವಾಗಿ ತೋರಿಸಿತ್ತು. ಟೇಟ್ ಪ್ರಬಂಧವನ್ನು ವರದಿಯ ಜೊತೆಗೆ ಹಿಂದಕ್ಕೆ ಕಳಿಸಿ, ಉತ್ತರ ಕೋರಿದರು. ಐನ್‌ಸ್ಟೈನ್‌ಗೆ ಸಿಟ್ಟು ಬಂತು. ಅಚ್ಚಿಗೆ ಮೊದಲು ಬೇರೆಯವರಿಗೆ ತೋರಿಸಲು ತಾವು ಒಪ್ಪಿಗೆ ಕೊಟ್ಟಿರಲಿಲ್ಲ ಎಂದು ಬರೆದು, ಪ್ರಬಂಧವನ್ನೇ ವಾಪಸ್ ಪಡೆದರು. ಜರ್ಮನಿಯ ಪತ್ರಿಕೆಗಳಲ್ಲಿ ಅವರಿಗೆ ಇಂಥ ಪರಿಶೀಲನೆ ಅಭ್ಯಾಸವಿರಲಿಲ್ಲ. ಮುಂದೆ ಫಿಸಿಕಲ್ ರಿವ್ಯೂಗೆ ಅವರು ಹೊಸ ಸಂಶೋಧನಾ ಪ್ರಬಂಧ ಕೊಡಲೇ ಇಲ್ಲ. ಇದನ್ನು ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್‌ನ ಪತ್ರಿಕೆಗೆ ಕಳಿಸಿದರು.

ಆ ಹೆಸರಿಲ್ಲದ ಪರಿಶೀಲಕರು ಹಾವರ್ಡ್ ಪರ್ಸಿ ರಾಬರ್ಟ್‌ಸನ್. ಅವರೂ ಪ್ರಿನ್ಸ್‌ಟನ್‌ನವರೇ! ಆ ಬೇಸಿಗೆಯಲ್ಲಿ ಊರಿಗೆ ಮರಳಿದ ರಾಬರ್ಟ್‌ಸನ್, ಐನ್‌ಸ್ಟೈನ್‌ಗೆ ಹೊಸದಾಗಿ ಸಹಾಯಕರಾಗಿ ಬಂದಿದ್ದ ಲಿಯೋಪೋಲ್ಡ್ ಇನ್‌ಫೆಲ್ಡ್ ಅವರ ಸ್ನೇಹ ಬೆಳೆಸಿದರು. ತಾವೇ ಪರಿಶೀಲಕರೆಂದು ಹೇಳಿಕೊಳ್ಳದೆ, ಮಾತಿನ ನಡುವೆ ಲೆಕ್ಕದ ತಪ್ಪನ್ನು ತೋರಿಸಿಕೊಟ್ಟರು. ಇನ್‌ಫೆಲ್ಡ್ ಹೋಗಿ ಐನ್‌ಸ್ಟೈನ್‌ಗೆ ತಿಳಿಸಿದರೆ, ಅಷ್ಟರಲ್ಲಿ ಅವರಿಗೂ ತಮ್ಮ ಸಾಧನೆಯಲ್ಲಿ ತಪ್ಪಿರುವುದು ಹೊಳೆದಿತ್ತು. ಮರುದಿನ ಪ್ರಿನ್ಸ್‌ಟನ್‌ನಲ್ಲಿ ಅವರ ಉಪನ್ಯಾಸವಿತ್ತು, ವಿಷಯ ಗುರುತ್ವ ಅಲೆಗಳಿಲ್ಲ ಎಂಬುದು. ವೇದಿಕೆಗೆ ಹೋಗಿ, ತಮ್ಮ ವಾದ ಎಲ್ಲಿ ಬಿದ್ದುಹೋಯಿತು ಎಂಬುದನ್ನೇ ಅವರು ವಿವರಿಸಿದರು.

ತಪ್ಪು ಏನಿತ್ತು? ಭೂಪಟ ನೋಡಿ. ರೇಖಾಂಶದ ಗೆರೆಗಳೆಲ್ಲ ಉತ್ತರ ಧ್ರುವದಲ್ಲಿ ಒಂದೇ ಬಿಂದುವಿಗೆ ಬಂದು ಸೇರುತ್ತವೆ. ಅಲ್ಲಿ ರೇಖಾಂಶ ಎಷ್ಟು ಎಂದು ಕೇಳಿದರೆ ಉತ್ತರವಿಲ್ಲ. ಹಾಗೆಂದು ಧ್ರುವದಲ್ಲಿ ಭೂಮಿ ಒಡೆದಿದೆಯೇ? ಇಲ್ಲ. ತೊಂದರೆ ಇರುವುದು ನಾವು ಎಳೆದ ಗೆರೆಗಳಲ್ಲಿ. ಐನ್‌ಸ್ಟೈನ್ ಮತ್ತು ರೋಸೆನ್ ಕಂಡ ಅನಂತವೂ ಅವರು ಆರಿಸಿಕೊಂಡ ಅಳತೆಯ ಗೆರೆಗಳದ್ದು. ಗೆರೆ ಬದಲಿಸಿದಾಗ ಅಲೆ ಸರಿಯಾಗಿಯೇ ಮೂಡಿತು. ಅಚ್ಚಿನ ಕರಡು ಹಂತದಲ್ಲೇ ಪ್ರಬಂಧ ತಿದ್ದಲಾಯಿತು. 1937ರಲ್ಲಿ ಅದು ಹೊರಬಂದಾಗ ತೀರ್ಮಾನ ತಲೆಕೆಳಗಾಗಿತ್ತು, ಅಲೆಗಳು ಇದ್ದವು. ಅಷ್ಟರಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿದ್ದ ರೋಸೆನ್‌ಗೆ ಈ ಬದಲಾವಣೆ ಒಪ್ಪಿಗೆಯಾಗಲಿಲ್ಲ. ಪರಿಶೀಲಕರ ಹೆಸರು ದಾಖಲೆ ಸಮೇತ ಹೊರಬಿದ್ದದ್ದು 2005ರಲ್ಲಿ, ಇತಿಹಾಸಕಾರ ಡೇನಿಯಲ್ ಕೆನೆಫಿಕ್ ಅವರ ಬರಹದಿಂದ. ಅಷ್ಟು ಹೊತ್ತಿಗೆ ರಾಬರ್ಟ್‌ಸನ್ ತೀರಿಕೊಂಡು ನಾಲ್ಕು ದಶಕ ಕಳೆದಿತ್ತು.

ಕಪ್ಪುಕುಳಿ ಒಪ್ಪದ ಕೊನೆಯ ವರ್ಷಗಳು

1936ರ ಡಿಸೆಂಬರ್‌ನಲ್ಲಿ ಎಲ್ಸಾ ತೀರಿಕೊಂಡರು. ಐನ್‌ಸ್ಟೈನ್ ಕೆಲಸ ಬಿಡಲಿಲ್ಲ. 1939ರಲ್ಲಿ ಇನ್ನೊಂದು ಪ್ರಬಂಧ ಬರೆದರು. ಶ್ವಾರ್ಟ್ಸ್‌ಶೀಲ್ಡ್ ಅವರ ಪರಿಹಾರದಲ್ಲಿ ಅಡಗಿದ್ದ ವಿಚಿತ್ರ ಕಾಯ, ಅಂದರೆ ಈಗ ನಾವು ಕಪ್ಪುಕುಳಿ ಎನ್ನುವುದು, ನಿಜ ಜಗತ್ತಿನಲ್ಲಿ ಇರಲಾರದು ಎನ್ನುವುದು ಅದರ ವಾದ. ಅದೇ ವರ್ಷ ರಾಬರ್ಟ್ ಓಪನ್‌ಹೈಮರ್ ಮತ್ತು ಹಾರ್ಟ್‌ಲ್ಯಾಂಡ್ ಸ್ನೈಡರ್, ಇಂಧನ ಮುಗಿದ ದೈತ್ಯ ನಕ್ಷತ್ರ ತನ್ನೊಳಗೇ ಕುಸಿಯುತ್ತ ಹೋಗಬಲ್ಲದು ಎಂದು ಐನ್‌ಸ್ಟೈನ್ ಸಮೀಕರಣಗಳಿಂದಲೇ ತೋರಿಸಿದರು. ಈ ಬಾರಿ ತಪ್ಪಿದವರು ಐನ್‌ಸ್ಟೈನ್. ಸಮೀಕರಣಕ್ಕೆ ಗೊತ್ತಿದ್ದದ್ದನ್ನು ಅದನ್ನು ಬರೆದವರು ಒಪ್ಪಿರಲಿಲ್ಲ.

1955ರ ಏಪ್ರಿಲ್‌ನಲ್ಲಿ ಅವರ ಹೊಟ್ಟೆಯ ಮಹಾಪಧಮನಿಯಲ್ಲಿದ್ದ ಊತ ಒಡೆಯಿತು. ಶಸ್ತ್ರಚಿಕಿತ್ಸೆ ಬೇಡವೆಂದರು. ಏಪ್ರಿಲ್ 18ರಂದು ಪ್ರಿನ್ಸ್‌ಟನ್ ಆಸ್ಪತ್ರೆಯಲ್ಲಿ, 76ನೇ ವಯಸ್ಸಿನಲ್ಲಿ ತೀರಿಕೊಂಡರು. ಗುರುತ್ವ ಅಲೆ ನಿಜವಾಗಿಯೂ ಶಕ್ತಿ ಒಯ್ಯುತ್ತದೆಯೇ ಎಂಬ ಪ್ರಶ್ನೆ ಆಗಲೂ ಬಗೆಹರಿದಿರಲಿಲ್ಲ.

ಅವರಿಲ್ಲದ ಮೇಲೆ ಅಲೆ ಸಿಕ್ಕಿತು

ಎರಡು ವರ್ಷದ ನಂತರ, 1957ರಲ್ಲಿ, ಅಮೆರಿಕದ ಚಾಪೆಲ್ ಹಿಲ್‌ನಲ್ಲಿ ನಡೆದ ಸಮ್ಮೇಳನದಲ್ಲಿ ರಿಚರ್ಡ್ ಫೈನ್‌ಮನ್ ಒಂದು ಸರಳ ಉದಾಹರಣೆ ಕೊಟ್ಟರು. ಕಡ್ಡಿಗೆ ಪೋಣಿಸಿದ ಮಣಿಗಳನ್ನು ಊಹಿಸಿಕೊಳ್ಳಿ. ಗುರುತ್ವ ಅಲೆ ಹಾದುಹೋದಾಗ ಮಣಿಗಳು ಹಿಂದೆ ಮುಂದೆ ಸರಿಯುತ್ತವೆ, ಉಜ್ಜಿಕೊಂಡು ಕಡ್ಡಿ ಬಿಸಿಯಾಗುತ್ತದೆ. ಬಿಸಿ ಬಂತೆಂದರೆ ಅಲೆ ಶಕ್ತಿ ತಂದಿದೆ ಎಂದೇ ಅರ್ಥ.

1967ರಲ್ಲಿ ಜೋಸೆಲಿನ್ ಬೆಲ್ ಮೊದಲ ಪಲ್ಸಾರ್ ಕಂಡುಹಿಡಿದರು. ಪಲ್ಸಾರ್ ಎಂದರೆ ಗಿರ್ರನೆ ತಿರುಗುವ ನ್ಯೂಟ್ರಾನ್ ನಕ್ಷತ್ರ. ಸೂರ್ಯನಿಗಿಂತ ಹೆಚ್ಚು ದ್ರವ್ಯ, ಆದರೆ ಅಗಲ ಸುಮಾರು ಇಪ್ಪತ್ತು ಕಿಲೋಮೀಟರ್, ಅಂದರೆ ಬೆಂಗಳೂರಿನಷ್ಟು. 1974ರಲ್ಲಿ ರಸೆಲ್ ಹಲ್ಸ್ ಮತ್ತು ಜೋಸೆಫ್ ಟೇಲರ್ ಅಂಥ ಒಂದು ಜೋಡಿಯನ್ನು ಕಂಡರು. ಎರಡೂ ಒಂದನ್ನೊಂದು ಸುತ್ತಲು ಹಿಡಿಯುವ ಸಮಯ ಸುಮಾರು 7 ಗಂಟೆ 45 ನಿಮಿಷ. ಅದು ವರ್ಷದಿಂದ ವರ್ಷಕ್ಕೆ ಒಂದಿಷ್ಟೇ ಕಡಿಮೆಯಾಗುತ್ತಿತ್ತು. ಅಲೆಗಳ ರೂಪದಲ್ಲಿ ಶಕ್ತಿ ಸೋರಿದರೆ ಎಷ್ಟು ಕಡಿಮೆಯಾಗಬೇಕೋ ಅಷ್ಟೇ! ಪುರಾವೆ ಪರೋಕ್ಷವಾದರೂ ಗಟ್ಟಿಯಾಗಿತ್ತು.

ಈ ಸರಪಳಿಯಲ್ಲಿ ಕನ್ನಡಿಗರೊಬ್ಬರೂ ಇದ್ದಾರೆ. ಬೆಂಗಳೂರಿನಲ್ಲಿ ಹುಟ್ಟಿದ ಸಿ.ವಿ. ವಿಶ್ವೇಶ್ವರ 1970ರಲ್ಲಿ, ಕಲಕಿದ ಕಪ್ಪುಕುಳಿ ಬಾರಿಸಿದ ಗಂಟೆಯಂತೆ ಕಂಪಿಸಿ ಬೇಗನೆ ಶಾಂತವಾಗುತ್ತದೆ ಎಂದು ಲೆಕ್ಕದಿಂದ ತೋರಿಸಿದರು. ಮುಂದೆ ಅವರು ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಮೊದಲ ನಿರ್ದೇಶಕರಾದರು.

ನೇರವಾಗಿ ಅಲೆಯನ್ನು ಹಿಡಿದದ್ದು ಲೈಗೊ. ಇಂಗ್ಲಿಷಿನ ಎಲ್ ಅಕ್ಷರದಂತೆ ಚಾಚಿದ, ತಲಾ 4 ಕಿಲೋಮೀಟರ್ ಉದ್ದದ ಎರಡು ಕೊಳವೆಗಳು. ಒಂದೇ ಲೇಸರ್ ಕಿರಣವನ್ನು ಎರಡಾಗಿ ಸೀಳಿ ಎರಡೂ ಕಡೆ ಕಳಿಸುತ್ತಾರೆ. ಕೊನೆಯ ಕನ್ನಡಿಗೆ ಬಡಿದು ಮರಳಿದ ಕಿರಣಗಳು ಒಂದನ್ನೊಂದು ಅಳಿಸಿ ಹಾಕುವಂತೆ ಹೊಂದಿಸಿರುತ್ತಾರೆ. ಅಲೆ ಹಾದುಹೋದರೆ ಒಂದು ತೋಳು ಹಿಗ್ಗಿ ಇನ್ನೊಂದು ಕುಗ್ಗುತ್ತದೆ. ಆಗ ಕಿರಣಗಳು ಪೂರ್ತಿ ಅಳಿಯದೆ ಬೆಳಕು ಇಣುಕುತ್ತದೆ. ಲಾರಿ ಓಡಿದರೂ ಅಲುಗುವಷ್ಟು ಸೂಕ್ಷ್ಮ ಯಂತ್ರವಾದ್ದರಿಂದ, ಸುಮಾರು 3,000 ಕಿಲೋಮೀಟರ್ ದೂರದಲ್ಲಿ ಇನ್ನೊಂದು ಅಂಥದ್ದೇ ಯಂತ್ರವಿದೆ. ಎರಡರಲ್ಲೂ ಒಂದೇ ಬಗೆಯ ಗುರುತು ಬಂದರೆ ಮಾತ್ರ ಗಂಭೀರವಾಗಿ ನೋಡುತ್ತಾರೆ.

2015ರ ಸೆಪ್ಟೆಂಬರ್ 14ರಂದು ಆ ಗುರುತು ಬಂತು. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿಗಳು ಒಂದಾಗಿದ್ದವು. ಮೂರು ಸೂರ್ಯರಷ್ಟು ದ್ರವ್ಯ ಕ್ಷಣಾರ್ಧದಲ್ಲಿ ಅಲೆಯಾಗಿ ಹೋಗಿತ್ತು. ಆದರೂ ಇಲ್ಲಿ ಲೈಗೊ ತೋಳಿನ ಉದ್ದ ಬದಲಾದದ್ದು ಪ್ರೋಟಾನ್ ಅಗಲದ ಸಾವಿರದ ಒಂದು ಪಾಲಿನ ಆಸುಪಾಸು. ತಿಂಗಳುಗಟ್ಟಲೆ ತಪಾಸಣೆ ಮಾಡಿ, 2016ರ ಫೆಬ್ರುವರಿ 11ರಂದು ಪ್ರಕಟಿಸಿದರು. ಐನ್‌ಸ್ಟೈನ್ ಅನುಮಾನಿಸಿದ ಎರಡು ಸಂಗತಿಗಳು, ಗುರುತ್ವ ಅಲೆ ಮತ್ತು ಕಪ್ಪುಕುಳಿ, ಒಂದೇ ಸಂಕೇತದಲ್ಲಿ ಒಟ್ಟಿಗೆ ಸಿಕ್ಕಿದ್ದವು. ಫಿಸಿಕಲ್ ರಿವ್ಯೂ ಬಳಗದ ಪತ್ರಿಕೆಯಲ್ಲೇ ಆ ಪ್ರಬಂಧ ಬಂತು, ಪರಿಶೀಲಕರ ಕಣ್ಣು ದಾಟಿಕೊಂಡೇ.

2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳ ವಿಲೀನ ಸಿಕ್ಕಿತು. ಕಪ್ಪುಕುಳಿಗಳು ಕೂಡಿದಾಗ ಬೆಳಕು ಕಾಣುವುದಿಲ್ಲ. ನ್ಯೂಟ್ರಾನ್ ನಕ್ಷತ್ರದಲ್ಲಿ ದ್ರವ್ಯವಿದೆ, ಅದು ಸಿಡಿದು ಹೊಳೆಯುತ್ತದೆ. ಅಲೆ ಬಂದ 1.7 ಸೆಕೆಂಡಿಗೆ ಫರ್ಮಿ ಉಪಗ್ರಹಕ್ಕೆ ಗಾಮಾ ಕಿರಣಗಳ ಮಿಂಚು ಕಂಡಿತು. ಎರಡೂ ಸುಮಾರು 13 ಕೋಟಿ ವರ್ಷ ಪ್ರಯಾಣ ಮಾಡಿ ಬಂದಿದ್ದವು, ತಲುಪಿದ್ದು ಎರಡು ಸೆಕೆಂಡಿಗೂ ಕಡಿಮೆ ಅಂತರದಲ್ಲಿ. ಗುರುತ್ವ ಅಲೆ ಬೆಳಕಿನ ವೇಗದಲ್ಲೇ ಸಾಗುತ್ತದೆ ಎಂಬ 1916ರ ಮಾತಿಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕೇ? ಚಿನ್ನದಂಥ ಭಾರದ ಧಾತುಗಳು ಇಂಥ ಡಿಕ್ಕಿಗಳಲ್ಲಿ ತಯಾರಾಗುತ್ತವೆ ಎಂಬುದಕ್ಕೂ ಬಲವಾದ ಸುಳಿವು ಸಿಕ್ಕಿತು. 2020ರ ಜನವರಿಯಲ್ಲಿ ನ್ಯೂಟ್ರಾನ್ ನಕ್ಷತ್ರವನ್ನು ಕಪ್ಪುಕುಳಿ ನುಂಗಿದ ಎರಡು ಘಟನೆಗಳೂ ದಾಖಲಾದವು. ನಮ್ಮ ದೇಶದಲ್ಲೂ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಲೈಗೊ-ಇಂಡಿಯಾ ಸ್ಥಾಪಿಸಲು 2023ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ.

ಫಾರ್ವರ್ಡ್ ಮಾತು, ನಿಜ ಸಂಗತಿ

ಮಾತು: ಐನ್‌ಸ್ಟೈನ್‌ಗೆ ನೊಬೆಲ್ ಸಿಕ್ಕಿದ್ದು ಸಾಪೇಕ್ಷತಾ ಸಿದ್ಧಾಂತಕ್ಕೆ.
ನಿಜ: ಅಲ್ಲ. 1921ರ ನೊಬೆಲ್‌ನಲ್ಲಿ ಹೆಸರಿಸಿದ್ದು ಬೆಳಕು ಬಿದ್ದಾಗ ಲೋಹದಿಂದ ಎಲೆಕ್ಟ್ರಾನ್ ಹೊರಬರುವ ದ್ಯುತಿವಿದ್ಯುತ್ ಪರಿಣಾಮದ ಕೆಲಸವನ್ನು.

ಮಾತು: ಗುರುತ್ವ ಅಲೆಗಳು ದೇಹಕ್ಕೆ ಅಪಾಯ.
ನಿಜ: ಅವು ಸದಾ ನಮ್ಮನ್ನು ಹಾದುಹೋಗುತ್ತಿವೆ. 4 ಕಿಲೋಮೀಟರ್ ಉದ್ದದಲ್ಲೇ ಪ್ರೋಟಾನ್‌ಗಿಂತ ಎಷ್ಟೋ ಚಿಕ್ಕ ಬದಲಾವಣೆ ಎಂದಮೇಲೆ ಐದಾರು ಅಡಿಯ ನಮ್ಮಲ್ಲಿ ಎಷ್ಟಾದೀತು?

ಮಾತು: ಕಪ್ಪುಕುಳಿಗಳು ಡಿಕ್ಕಿಯಾದ ಶಬ್ದವನ್ನು ಲೈಗೊ ಕೇಳಿಸಿಕೊಂಡಿತು.
ನಿಜ: ನಿರ್ವಾತದಲ್ಲಿ ಶಬ್ದ ಸಾಗುವುದಿಲ್ಲ. ವಿಡಿಯೊಗಳಲ್ಲಿ ಕೇಳುವ ಚಿಲಿಪಿಲಿ ದನಿ, ಅಲೆಯ ಏರಿಳಿತವನ್ನು ನಮಗಾಗಿ ಶಬ್ದಕ್ಕೆ ಬದಲಾಯಿಸಿದ್ದು.

ಮಾತು: ಐನ್‌ಸ್ಟೈನ್ ಹೇಳಿದ್ದಾರೆ, ಆದ್ದರಿಂದ ನಿಜ.
ನಿಜ: 1936ರಲ್ಲಿ ಫಿಸಿಕಲ್ ರಿವ್ಯೂ ಸಂಪಾದಕರು ಈ ಮಾತಿಗೆ ತಲೆಬಾಗಿದ್ದರೆ, ಗುರುತ್ವ ಅಲೆಗಳಿಲ್ಲ ಎಂಬ ತಪ್ಪು ಪ್ರಬಂಧ ಜಗತ್ತಿನ ಅತಿದೊಡ್ಡ ಹೆಸರಿನೊಂದಿಗೆ ಅವರ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಅವರು ಹೆಸರನ್ನು ಬದಿಗಿಟ್ಟು ಲೆಕ್ಕವನ್ನು ನೋಡಿಸಿದರು. ಐನ್‌ಸ್ಟೈನ್ ಮೊದಲು ಸಿಟ್ಟಾದರು, ಆಮೇಲೆ ತಿದ್ದಿಕೊಂಡರು. ಮುಂದಿನ ಸಲ ಅವರ ಫೋಟೊ ಹಾಕಿದ ಸಂದೇಶ ನಿಮ್ಮ ಗ್ರೂಪಿಗೆ ಬಂದಾಗ, ಅದನ್ನು ಅವರು ಎಲ್ಲಿ, ಯಾವಾಗ ಹೇಳಿದರು, ಯಾರು ಪರಿಶೀಲಿಸಿದರು ಎಂದು ಒಮ್ಮೆ ಕೇಳಿ ನೋಡಿ. ಉತ್ತರ ಸಿಕ್ಕರೆ ಧಾರಾಳವಾಗಿ ಹಂಚಿ.